ತೂಕಕ್ಕಿಂತ ಮೊದಲು ಗೋದಲಿ ನೋಡಿ: ಬಿತ್ತನೆ ಹೋರಿಯನ್ನು ನಾನು ಆರಿಸುವ ಬಗೆ

ಮಾಂಸದ ತಳಿಯ ದನ ಸಾಕುವವರ ಖರ್ಚಿನಲ್ಲಿ ಮೇವಿನದೇ ದೊಡ್ಡ ಪಾಲು. ಆದರೂ ಬಿತ್ತನೆ ಹೋರಿ ಆರಿಸುವಾಗ ಹೆಚ್ಚಿನವರ ಕಣ್ಣು ಹೋಗುವುದು ಮೈಕಟ್ಟಿನ ಮೇಲೆ, ತೂಕದ ಮೇಲೆ. ಎಷ್ಟು ತಿಂದು ಅಷ್ಟು ಬೆಳೆಯಿತು ಎಂಬುದೇ ನನಗೆ ಮೊದಲ ಪ್ರಶ್ನೆ.

ಒಂದು ಕಿಲೋ ತೂಕ ಏರಲು ಎಷ್ಟು ಕಿಲೋ ಮೇವು ಬೇಕಾಯಿತು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಕೊಬ್ಬಿಸಿ ಮಾರುವ ದನಗಳಿಗೆ ಅದು ಸಾಕು, ತಳಿಯ ಆಯ್ಕೆಗೆ ಸಾಲದು. ಆ ಲೆಕ್ಕದಲ್ಲಿ ಬೇಗ ಬೆಳೆಯುವ ದೊಡ್ಡ ಮೈಯ ಹೋರಿಯೇ ಸಾಮಾನ್ಯವಾಗಿ ಮುಂದಿರುತ್ತದೆ. ಅದರ ಹೆಣ್ಣುಕರುಗಳೂ ದೊಡ್ಡ ಹಸುಗಳಾಗಿ, ವರ್ಷವಿಡೀ ಹೆಚ್ಚು ಮೇವು ಬೇಡುತ್ತವೆ. ಹಿಂಡಿನ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ತಾಯಿ ಹಸುಗಳಿಗೇ ಹೋಗುವಾಗ ಇದು ಸಣ್ಣ ವಿಷಯವಲ್ಲ.

ನಾನು ಅನುಸರಿಸುವುದು 1963ರಲ್ಲಿ ಅಮೆರಿಕದ ಪಶುತಳಿ ವಿಜ್ಞಾನಿ ರಾಬರ್ಟ್ ಕೋಚ್ ಮತ್ತು ಸಂಗಡಿಗರು ಮುಂದಿಟ್ಟ ವಿಧಾನ. ತೂಕಕ್ಕೂ ಬೆಳವಣಿಗೆಗೂ ತಕ್ಕಂತೆ ಒಂದು ದನ ಎಷ್ಟು ತಿನ್ನಬೇಕಿತ್ತು ಎಂಬುದನ್ನು ಅದರ ಗುಂಪಿನ ಅಂಕಿಗಳಿಂದಲೇ ಲೆಕ್ಕ ಹಾಕಿ, ನಿಜವಾಗಿ ತಿಂದದ್ದರಲ್ಲಿ ಅದನ್ನು ಕಳೆಯಬೇಕು. ಉದಾಹರಣೆಗೆ, ಒಂದೇ ತೂಕದ, ಒಂದೇ ವೇಗದಲ್ಲಿ ಬೆಳೆದ ಎರಡು ಹೋರಿಗಳು ದಿನಕ್ಕೆ 9.5 ಕಿಲೋ ತಿನ್ನಬೇಕಿತ್ತು ಎನ್ನಿ. ಒಂದು 8.7 ಕಿಲೋ ತಿಂದಿದೆ, ಇನ್ನೊಂದು 10.2. ಬರಿಗಣ್ಣಿಗೆ ಎರಡೂ ಒಂದೇ. ನನಗೆ ಬೇಕಾದದ್ದು ಮೊದಲನೆಯದು.

ಪರೀಕ್ಷೆಗೆ ಹೆಚ್ಚುಕಡಿಮೆ ಒಂದೇ ವಯಸ್ಸಿನ ಹೋರಿಗರುಗಳನ್ನು ಒಟ್ಟಿಗೆ ಬಿಡುತ್ತೇನೆ. ಹೊಸ ಮೇವಿಗೂ ಗೋದಲಿಗೂ ಹೊಂದಿಕೊಳ್ಳಲು 21 ದಿನ, ಆಮೇಲೆ 70 ದಿನ ಅಳತೆ. ಕರುವಿನ ಕಿವಿಗೆ ಹಾಕಿದ ಎಲೆಕ್ಟ್ರಾನಿಕ್ ಓಲೆಯನ್ನು ಗುರುತಿಸುವ ಗೋದಲಿ ಪ್ರತಿ ಬಾರಿ ಯಾವ ಕರು ಎಷ್ಟು ತಿಂದಿತು ಎಂದು ದಾಖಲಿಸುತ್ತದೆ. ಮೇವಿನ ತೇವ ದಿನದಿನಕ್ಕೆ ಬದಲಾಗುವುದರಿಂದ ಒಣ ತೂಕದಲ್ಲೇ ಲೆಕ್ಕ ಇಡಬೇಕು. ದನವನ್ನು ತೂಗುವುದು ಯಾವಾಗಲೂ ಬೆಳಿಗ್ಗೆ ಒಂದೇ ಹೊತ್ತಿಗೆ: ತುಂಬಿದ ಹೊಟ್ಟೆಗೂ ಖಾಲಿ ಹೊಟ್ಟೆಗೂ ಹತ್ತಾರು ಕಿಲೋ ಅಂತರ ಬಂದೀತು. ಮೊದಲ ಮತ್ತು ಕೊನೆಯ ತೂಕವನ್ನು ಎರಡೆರಡು ದಿನ ತೆಗೆದು ಸರಾಸರಿ ಹಿಡಿಯುತ್ತೇನೆ. ಈ ಶಿಸ್ತು ತಪ್ಪಿದರೆ ಉಳಿದ ಲೆಕ್ಕವೆಲ್ಲ ವ್ಯರ್ಥ.

ಗೋದಲಿಯ ಬಳಿ ನಿಂತು ನೋಡುವುದೂ ನನಗೆ ಇಷ್ಟ. ಹೆಚ್ಚು ತಿನ್ನುವ ಕರು ಮತ್ತೆ ಮತ್ತೆ ಬಂದು ಮೂತಿಯಿಂದ ಮೇವು ಕೆದಕುತ್ತದೆ. ಮಿತವಾಗಿ ತಿನ್ನುವುದು ಬಂದು, ತಿಂದು, ಹೋಗಿ ಮಲಗಿ ಮೆಲುಕು ಹಾಕುತ್ತದೆ.

ಕಡಿಮೆ ತಿಂದು ಅಷ್ಟೇ ಬೆಳೆಯುವ ಈ ಗುಣ ಮಧ್ಯಮ ಪ್ರಮಾಣದಲ್ಲಿ ವಂಶಕ್ಕೆ ಇಳಿಯುತ್ತದೆ. ಆಸ್ಟ್ರೇಲಿಯಾದ ಟ್ರಾಂಗಿ ಸಂಶೋಧನಾ ಕೇಂದ್ರದಲ್ಲಿ 1990ರ ದಶಕದಲ್ಲಿ ಆಂಗಸ್ ಎಂಬ ಮಾಂಸದ ತಳಿಯ ದನಗಳಲ್ಲಿ ಕಡಿಮೆ ತಿನ್ನುವವನ್ನು ಒಂದು ಸಾಲಾಗಿ, ಹೆಚ್ಚು ತಿನ್ನುವವನ್ನು ಇನ್ನೊಂದು ಸಾಲಾಗಿ ಆರಿಸುತ್ತಾ ಹೋದಾಗ ಎರಡು ಸಾಲುಗಳ ನಡುವಿನ ಅಂತರ ಸ್ಪಷ್ಟವಾಗಿ ಕಾಣಿಸಿತು. ಕಡಿಮೆ ತಿನ್ನುವ ಸಾಲಿನಿಂದ ಮೀಥೇನ್ ಕೂಡ ಕಡಿಮೆ.

ಹಾಗೆಂದು ಇದೊಂದನ್ನೇ ಹಿಡಿದು ಹೋಗಲು ನಾನು ಸಿದ್ಧನಿಲ್ಲ. ಕಡಿಮೆ ತಿನ್ನುವ ದನಗಳಲ್ಲಿ ಕೊಬ್ಬೂ ತುಸು ಕಡಿಮೆ, ಅವುಗಳ ಕಡಸುಗಳು ಬೆದೆಗೆ ಬರುವುದು ಸ್ವಲ್ಪ ತಡವಾಗಬಹುದು. ಮೇವು ಉಳಿಸಿ ಗಬ್ಬ ನಿಲ್ಲದ ಹಸು ಕಟ್ಟಿಕೊಂಡರೆ ಬಂದ ಲಾಭವೇನು? ಅದಕ್ಕೇ ಅಲ್ಟ್ರಾಸೌಂಡ್‌ನಲ್ಲಿ ಬೆನ್ನಿನ ಕೊಬ್ಬು ಅಳೆದು ಲೆಕ್ಕಕ್ಕೆ ಸೇರಿಸುತ್ತೇನೆ, ತಾಯಿಯ ಕರು ಹಾಕುವ ಅಂತರವನ್ನೂ ನೋಡುತ್ತೇನೆ. ಮೇವಿನ ಲೆಕ್ಕದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವ ತೆಳು ಮೈಯ ಹೋರಿಯನ್ನು ಬಿಟ್ಟು, ಅದರ ಕೆಳಗಿನ, ಬೆನ್ನಲ್ಲಿ ಸಾಕಷ್ಟು ಕೊಬ್ಬಿರುವ, ವರ್ಷಕ್ಕೊಂದು ಕರು ಕೊಟ್ಟ ತಾಯಿಯ ಮಗನನ್ನು ಹಿಂಡಿಗೆ ಬಿಡುತ್ತೇನೆ.