ಒಂದು ನದಿ ಬಂದರಿನ ಚರಿತ್ರೆ ಓದುವುದು ಹೇಗೆ: ಝೆನ್‌ಜಿಯಾಂಗ್ ಹಿಡಿದು ಹೊರಟವನ ಟಿಪ್ಪಣಿ

ಚಿಕ್ಕಂದಿನಿಂದ ನನಗೆ ಅಂಚೆ ಚೀಟಿ ಕೂಡಿಡುವ ಹುಚ್ಚು. ಯಾರೋ ಮಾರಿದ ಹಳೇ ಆಲ್ಬಮ್ಮೊಂದರ ಕೊನೇ ಪುಟದಲ್ಲಿ ಒಂದು ಚೀಟಿ ಸಿಕ್ಕಿತು. ಮೇಲೆ ‘ಚಿನ್‌ಕಿಯಾಂಗ್’ ಎಂದು ಬರೆದಿತ್ತು. ದೇಶದ ಹೆಸರಿಲ್ಲ, ರಾಜನ ತಲೆಯೂ ಇಲ್ಲ. ಪಟ್ಟಿ ತಿರುವಿ ನೋಡಿದರೆ ಅದು 1894ರದ್ದು. ಚೀನಾದ ಒಂದು ನದಿ ಬಂದರಿನಲ್ಲಿದ್ದ ವಿದೇಶೀಯರು ತಮ್ಮ ಅಂಚೆಗೆ ತಾವೇ ಹೊರಡಿಸಿಕೊಂಡ ಚೀಟಿ. ಬೇರೆಯವರ ದೇಶದಲ್ಲಿ ಕೂತು ಸ್ವಂತ ಅಂಚೆ! ಅದು ಹೇಗೆ ಸಾಧ್ಯವಾಯಿತು ಅಂತ ಹುಡುಕಲು ಹೋದವನು ಇನ್ನೂ ಹೊರಗೆ ಬಂದಿಲ್ಲ.

ನಾನು ಇತಿಹಾಸ ಓದಿದವನಲ್ಲ, ಲೆಕ್ಕಪತ್ರ ಬರೆದು ನಿವೃತ್ತನಾದವನು. ನನ್ನ ಹಾಗೆ ಮನೆಯಲ್ಲೇ ಕೂತು ಇಂಥ ಒಂದು ಊರನ್ನು ಅರ್ಥ ಮಾಡಿಕೊಳ್ಳಬೇಕು ಅನ್ನುವವರಿಗೆ, ನಾನು ಎಡವಿದ ಕಡೆ ನೀವು ಎಡವದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರುಗಳನ್ನು ಸರಿಮಾಡಿಕೊಳ್ಳಿ. ಇದು ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ. ಈಗಿನ ಝೆನ್‌ಜಿಯಾಂಗ್ ಹಳೇ ಇಂಗ್ಲಿಷ್ ಕಾಗದಗಳಲ್ಲಿ ಚಿನ್‌ಕಿಯಾಂಗ್. ಹಳೇ ಚೀನೀ ಪುಸ್ತಕಗಳಲ್ಲಿ ಜಿಂಗ್‌ಕೌ ಅಂತಲೂ, ತಾಂಗ್ ರಾಜವಂಶದ ಕಾಲದಲ್ಲಿ ರುನ್‌ಝೌ ಅಂತಲೂ ಬರುತ್ತದೆ. ಚೀನಾದ ಕೊನೇ ರಾಜವಂಶವಾದ ಚಿಂಗ್ ಕಾಲದ ಕಂದಾಯ ಕಾಗದಗಳಲ್ಲಿ ದಾನ್‌ತು ಕೌಂಟಿ ಅಂದರೂ ಇದೇ ಊರು. ಇದೇ ನದಿಯಲ್ಲಿ ಇನ್ನೂ ಮೇಲಕ್ಕೆ ಕ್ಯೂಕಿಯಾಂಗ್ ಎಂಬ ಇನ್ನೊಂದು ಬಂದರಿದೆ, ಈಗಿನ ಜಿಯುಜಿಯಾಂಗ್. ಎರಡನ್ನೂ ಒಂದೇ ಅಂದುಕೊಂಡು ನಾನು ಎರಡು ವಾರ ಅಲ್ಲಿನ ಚಹಾ ವ್ಯಾಪಾರದ ಅಂಕಿಗಳನ್ನು ಇಲ್ಲಿಯ ಖಾತೆಗೆ ಬರೆದಿದ್ದೆ. ಪುಟವಿಡೀ ಹೊಡೆದುಹಾಕಬೇಕಾಯಿತು.

ವರ್ಷಗಳಿಗೂ ಒಂದು ಸುಲಭದ ಲೆಕ್ಕವಿದೆ. ಚೀನೀ ದಾಖಲೆಯಲ್ಲಿ ವರ್ಷ ಅಂದರೆ ಚಕ್ರವರ್ತಿಯ ಆಳ್ವಿಕೆಯ ವರ್ಷ. ದಾವೊಗುವಾಂಗ್ ಅಂತಿದ್ದರೆ 1820 ಕೂಡಿಸಿ, ಶಿಯೆನ್‌ಫೆಂಗ್‌ಗೆ 1850, ತೊಂಗ್‌ಝಿಗೆ 1861, ಗುವಾಂಗ್‌ಶುಗೆ 1874. ದಾವೊಗುವಾಂಗ್ 22 ಅಂದರೆ 1842. ಅವರ ಹನ್ನೆರಡನೇ ತಿಂಗಳು ಮಾತ್ರ ಸಾಮಾನ್ಯವಾಗಿ ನಮ್ಮ ಮುಂದಿನ ವರ್ಷದ ಜನವರಿಗೆ ಜಾರುತ್ತದೆ, ಅಷ್ಟು ನೋಡಿಕೊಳ್ಳಿ.

ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ನೀರನ್ನು ಬರೆಯಿರಿ. ಊರನ್ನಲ್ಲ, ನೀರನ್ನು. ಪಶ್ಚಿಮದಿಂದ ಪೂರ್ವಕ್ಕೆ ಯಾಂಗ್‌ಟ್ಸಿ. ಅದನ್ನು ಅಡ್ಡ ಕತ್ತರಿಸುವ ಹಾಗೆ ದಕ್ಷಿಣದಿಂದ ಉತ್ತರಕ್ಕೆ ಮಹಾ ಕಾಲುವೆ. ಇವೆರಡು ಕೂಡುವಲ್ಲಿ, ದಕ್ಷಿಣ ದಡದಲ್ಲಿ ಒಂದು ಚುಕ್ಕಿ ಇಡಿ. ಅದೇ ಝೆನ್‌ಜಿಯಾಂಗ್. ಎದುರು ದಡದಲ್ಲಿ, ಕಾಲುವೆಯ ಪಕ್ಕ ಇನ್ನೊಂದು ಚುಕ್ಕಿ ಯಾಂಗ್‌ಝೌ. ದಕ್ಷಿಣದ ಅಕ್ಕಿ ಬೀಜಿಂಗ್‌ಗೆ ಹೋಗುತ್ತಿದ್ದದ್ದು ಈ ಕಾಲುವೆಯಲ್ಲಿ. ಈ ಚುಕ್ಕಿಯನ್ನು ಹಿಡಿದವನು ರಾಜಧಾನಿಯ ಅನ್ನಕ್ಕೆ ಕೈ ಹಾಕಿದ ಹಾಗೆ. ಮುಂದೆ ಬರುವ ಯುದ್ಧಗಳೆಲ್ಲ ಈ ಒಂದು ಗುಣಾಕಾರ ಚಿಹ್ನೆಯ ಮೇಲೆ ನಡೆದವು. ಅದಕ್ಕೇ ಪುಸ್ತಕ ತೆರೆಯುವ ಮೊದಲು ನಕ್ಷೆ ಬರೆಯಿರಿ ಅನ್ನುವುದು.

ನೀರು ಸುಮ್ನೆ ಇರುವುದಿಲ್ಲ ಅನ್ನುವುದನ್ನೂ ಗುರುತು ಹಾಕಿಕೊಳ್ಳಿ. 1842ರಲ್ಲಿ ಬ್ರಿಟಿಷರು ‘ಗೋಲ್ಡನ್ ಐಲೆಂಡ್’ ಅಂತ ಕರೆದ ಜಿನ್‌ಶಾನ್ ಆಗ ನದಿಯ ನಡುವಿನ ದ್ವೀಪ. ಅದರ ಮೇಲೊಂದು ಬೌದ್ಧ ಮಠ. ಹೂಳು ತುಂಬಿ ತುಂಬಿ ಅದು ದಡಕ್ಕೆ ಅಂಟಿತು, ಈಗ ನಡೆದೇ ಹೋಗಬಹುದು. ಹಳೇ ಪತ್ರದಲ್ಲಿ ‘ದೋಣಿಯಲ್ಲಿ ಜಿನ್‌ಶಾನ್‌ಗೆ ಹೋದೆವು’ ಅಂತಿದ್ದರೆ ಬರೆದವರು ಸುಳ್ಳು ಹೇಳುತ್ತಿಲ್ಲ.

ಈಗ ಯುದ್ಧಗಳು. ಒಂದೇ ಊರಿನ ಮೇಲೆ ಹದಿನೈದು ವರ್ಷದಲ್ಲಿ ಮೂರು ಸಲ ಬೆಂಕಿ ಬಿತ್ತು. ಮೂರನ್ನೂ ಬೇರೆ ಬೇರೆ ಬಣ್ಣದಲ್ಲಿ ಬರೆದುಕೊಳ್ಳಿ.

ಮೊದಲನೆಯದು 1842ರ ಜುಲೈ 21. ಅಫೀಮು ವ್ಯಾಪಾರದ ಜಗಳದಿಂದ ಬ್ರಿಟನ್ ಚೀನಾದ ಮೇಲೆ ಮಾಡಿದ ಮೊದಲ ಅಫೀಮು ಯುದ್ಧದ ಕೊನೆಯ ದೊಡ್ಡ ಕಾಳಗ. ಸುಮಾರು 7,000 ಜನರ ಬ್ರಿಟಿಷ್ ಪಡೆ ಇಳಿಯಿತು, ಅದರಲ್ಲಿ ಮದ್ರಾಸಿನ ಕಾಲಾಳು ತುಕಡಿಗಳೂ ಇದ್ದವು. ಕೋಟೆಯೊಳಗೆ ಇದ್ದದ್ದು ಚಿಂಗ್ ಅರಸರ ಜನಾಂಗವಾದ ಮಂಚೂಗಳ ಕಾವಲು ಪಡೆ, ಅದರ ದಳಪತಿ ಹೈಲಿಂಗ್. ಅವರು ಬೀದಿ ಬೀದಿಯಲ್ಲಿ ಕಾದಾಡಿದರು. ಸೋತೆವು ಅಂತ ಗೊತ್ತಾದಾಗ ಎಷ್ಟೋ ಮಂಚೂ ಮನೆಗಳಲ್ಲಿ ಹೆಂಗಸರನ್ನು, ಮಕ್ಕಳನ್ನು ಮನೆಯವರೇ ಕೊಂದು ತಾವೂ ಸತ್ತರು. ಹೈಲಿಂಗ್ ಕೂಡ ಹಾಗೇ ಪ್ರಾಣ ಬಿಟ್ಟ. ಬ್ರಿಟಿಷರಲ್ಲಿ ಸತ್ತವರು ಕಡಿಮೆ, ಅದರಲ್ಲೂ ಕೆಲವರು ಬಿಸಿಲಿನ ಹೊಡೆತಕ್ಕೆ ಬಿದ್ದವರು. ಕಾಲುವೆ ಕೈತಪ್ಪಿತು, ಬೀಜಿಂಗ್ ಮಾತುಕತೆಗೆ ಇಳಿಯಿತು, ಆಗಸ್ಟ್ 29ಕ್ಕೆ ನಾನ್‌ಜಿಂಗ್ ಒಪ್ಪಂದ ಆಯಿತು. ಆ ಒಪ್ಪಂದದಲ್ಲಿ ವಿದೇಶೀ ವ್ಯಾಪಾರಕ್ಕೆ ತೆರೆದ ಐದು ಬಂದರುಗಳಲ್ಲಿ ಝೆನ್‌ಜಿಯಾಂಗ್ ಇಲ್ಲ. ಇದನ್ನು ನಾನು ತುಂಬಾ ದಿನ ತಪ್ಪಾಗಿ ತಿಳಿದಿದ್ದೆ. ಯುದ್ಧ ನಡೆದ ಊರು ಬೇರೆ, ಬಾಗಿಲು ತೆರೆದ ಊರುಗಳು ಬೇರೆ.

ಎರಡನೆಯದು 1853. ಚಿಂಗ್ ಸರ್ಕಾರದ ವಿರುದ್ಧ ಎದ್ದ ತೈಪಿಂಗ್ ಬಂಡಾಯಗಾರರು ನಾನ್‌ಜಿಂಗ್ ಹಿಡಿದ ಬೆನ್ನಲ್ಲೇ ಇಲ್ಲಿಗೂ ಬಂದರು. ಇಲ್ಲಿ ಸ್ವಲ್ಪ ನಿಲ್ಲಿ, ಯಾಕೆಂದರೆ ಯುದ್ಧ ಮತ್ತು ಮಿಷನರಿ ಅನ್ನುವ ಎರಡು ಎಳೆ ಗಂಟು ಬೀಳುವುದೇ ಇಲ್ಲಿ. ಬಂಡಾಯದ ನಾಯಕ ಹೊಂಗ್ ಶಿಯುಚುವಾನ್ ಸರ್ಕಾರಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದವನು. ಯಾರೋ ಕೈಗಿಟ್ಟ ಕ್ರೈಸ್ತ ಧರ್ಮದ ಪುಸ್ತಿಕೆ ಓದಿ, ಕಾಯಿಲೆಯಲ್ಲಿ ಕಂಡ ಕನಸಿಗೆ ಅದನ್ನು ಜೋಡಿಸಿ, ತಾನು ಯೇಸುವಿನ ತಮ್ಮ ಅಂತ ನಂಬಿದ. ಅಂದರೆ ಈ ಊರಿಗೆ ಬೈಬಲ್ಲಿನ ಮಾತು ಮೊದಲು ಜೋರಾಗಿ ಕೇಳಿಸಿದ್ದು ಪಾದ್ರಿಯ ಬಾಯಲ್ಲಲ್ಲ, ಸೈನ್ಯದ ಬಾಯಲ್ಲಿ. (ಮಂಗೋಲರ ಕಾಲದಲ್ಲಿ, 1278ರ ನಂತರ, ಮಾರ್ ಸರ್ಗಿಸ್ ಎಂಬ ಅಧಿಕಾರಿ ಇಲ್ಲಿ ಪೂರ್ವ ಕ್ರೈಸ್ತರ ಮಠಗಳನ್ನು ಕಟ್ಟಿಸಿದ್ದ. ಆದರೆ ಆ ನೆನಪು ಎಂದೋ ಅಳಿಸಿಹೋಗಿತ್ತು.) ಮೂರನೆಯ ಬೆಂಕಿ 1857ರ ಡಿಸೆಂಬರಿನದು, ಚಿಂಗ್ ಸೈನ್ಯ ಊರನ್ನು ವಾಪಸು ಹಿಡಿದಾಗ. ಮರುವರ್ಷ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್ ಈ ದಾರಿಯಲ್ಲಿ ಹಡಗಿನಲ್ಲಿ ಹೋದಾಗ ಉಳಿದಿದ್ದದ್ದು ಹಾಳು ಗೋಡೆಗಳು.

ಇಷ್ಟು ಮನಸ್ಸಿಗೆ ಬಂದ ಮೇಲೆಯೇ ಮಿಷನರಿ ಪತ್ರಗಳನ್ನು ತೆರೆಯಿರಿ. ಮೊದಲೇ ತೆರೆದರೆ ಪತ್ರ ಬರೆದವರ ಕಣ್ಣಿನಲ್ಲೇ ಊರು ಕಾಣುತ್ತದೆ. ಅವರ ಕಣ್ಣಿಗೆ ಅದು ಕೊಳಕು, ಗದ್ದಲದ, ಕಾರಣವಿಲ್ಲದೆ ಕೋಪ ಮಾಡಿಕೊಳ್ಳುವ ಜನರ ಊರು. ಕಾರಣ ನಿಮಗೆ ಗೊತ್ತಿರಬೇಕು.

ಒಂದೊಂದು ಪತ್ರಕ್ಕೂ ನಾನು ಹಾಳೆಯ ಅಂಚಿನಲ್ಲಿ ಮೂರು ಪ್ರಶ್ನೆ ಬರೆಯುತ್ತೇನೆ. ಇದು ಯಾರಿಗೆ ಬರೆದದ್ದು? ಅವರಿಂದ ಏನು ಬೇಕಿತ್ತು? ಬರೆಯುವಾಗ ಬಾಗಿಲು ತೆರೆದಿತ್ತೋ, ಮುಚ್ಚಿತ್ತೋ? ಲಂಡನ್ನಿನ ದಾನಿಗಳಿಗೆ ಬರೆದ ಪತ್ರದಲ್ಲಿ ಧೈರ್ಯ ಜಾಸ್ತಿ ಇರುತ್ತದೆ. ಬಂದರಿನಲ್ಲಿದ್ದ ತಮ್ಮ ಸರ್ಕಾರದ ಪ್ರತಿನಿಧಿ, ಅಂದರೆ ಕಾನ್ಸಲ್‌ಗೆ ಬರೆದದ್ದರಲ್ಲಿ ನಷ್ಟದ ಪಟ್ಟಿ ಜಾಸ್ತಿ. ಅಮ್ಮನಿಗೆ ಬರೆದದ್ದರಲ್ಲಿ ಜ್ವರ, ಮಕ್ಕಳು, ಸೆಕೆ. ಲೆಕ್ಕಿಗನ ಮಾತು ಹೇಳುತ್ತೇನೆ: ಮೂರನೆಯ ಜಾತಿಯ ಪತ್ರವನ್ನೇ ಹೆಚ್ಚು ನಂಬಿ.

ಅಭ್ಯಾಸಕ್ಕೆ 1868 ತೆಗೆದುಕೊಳ್ಳಿ. ಚೀನಾ ಇನ್‌ಲ್ಯಾಂಡ್ ಮಿಷನ್ ಕಟ್ಟಿದ ಹಡ್ಸನ್ ಟೇಲರ್ ಆ ವರ್ಷ ಹೆಂಡತಿ ಮಕ್ಕಳೊಂದಿಗೆ ಯಾಂಗ್‌ಝೌನಲ್ಲಿ ಮನೆ ಮಾಡಿದ. ಊರಲ್ಲಿ ಭಿತ್ತಿಪತ್ರ ಅಂಟಿದವು. ವಿದೇಶೀಯರು ಮಕ್ಕಳನ್ನು ಕದ್ದು ತಿನ್ನುತ್ತಾರೆ ಅಂತ ಸುದ್ದಿ ಹಬ್ಬಿತು. ಆಗಸ್ಟ್ 22ರ ರಾತ್ರಿ ಜನ ಮನೆಗೆ ನುಗ್ಗಿ ಬೆಂಕಿ ಇಟ್ಟರು. ಬಸುರಿಯಾಗಿದ್ದ ಮರಿಯಾ ಟೇಲರ್ ಮಹಡಿಯಿಂದ ಹಾರಿ ಕಾಲಿಗೆ ಪೆಟ್ಟು ಮಾಡಿಕೊಂಡಳು. ಯಾರೂ ಸಾಯಲಿಲ್ಲ. ಎಲ್ಲರೂ ನದಿ ದಾಟಿ ಝೆನ್‌ಜಿಯಾಂಗ್‌ಗೆ ಬಂದು ಉಳಿದರು. ನಿಮ್ಮ ನಕ್ಷೆ ನೋಡಿ: ಎರಡು ಚುಕ್ಕಿಗಳ ನಡುವೆ ಇರುವುದು ನೀರು. ಒಂದು ಕಡೆ 1861ರಿಂದ ವಿದೇಶೀಯರಿಗೆ ತೆರೆದಿದ್ದ ಒಪ್ಪಂದದ ಬಂದರು, ಇನ್ನೊಂದು ಕಡೆ ಒಳನಾಡು.

ಒಳನಾಡಿನಲ್ಲಿ ಮನೆ ಹಿಡಿಯುವ ಹಕ್ಕು ಎಲ್ಲಿಂದ ಬಂತು ಅಂತ ಕೇಳಿ. ಎರಡನೇ ಅಫೀಮು ಯುದ್ಧದ ಕೊನೆಯಲ್ಲಿ ಆದ 1860ರ ಫ್ರೆಂಚ್ ಒಪ್ಪಂದದ ಚೀನೀ ಪಠ್ಯದಲ್ಲಿ ಮಾತ್ರ ಒಂದು ಸಾಲು ಸೇರಿಕೊಂಡಿದೆ, ಮಿಷನರಿಗಳು ಎಲ್ಲ ಪ್ರಾಂತ್ಯಗಳಲ್ಲೂ ಜಾಗ ಕೊಂಡು ಕಟ್ಟಬಹುದು ಅಂತ. ಫ್ರೆಂಚ್ ಪಠ್ಯದಲ್ಲಿ ಆ ಸಾಲೇ ಇಲ್ಲ! ಲೆಕ್ಕದ ಪುಸ್ತಕದಲ್ಲಿ ಇಂಥದ್ದು ಕಂಡಿದ್ದರೆ ನಾನು ಕೆಂಪು ಶಾಯಿ ತೆಗೆಯುತ್ತಿದ್ದೆ. ಗಲಭೆಯ ಮೇಲೆ ಶಾಂಘೈನ ಬ್ರಿಟಿಷ್ ಕಾನ್ಸಲ್ ಯುದ್ಧನೌಕೆಗಳ ಜೊತೆ ನಾನ್‌ಜಿಂಗ್‌ಗೆ ಹೋಗಿ ಪರಿಹಾರ ಕಕ್ಕಿಸಿದ. ಅತ್ತ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮಿಷನರಿಗಳನ್ನೇ ಬೈದವರೂ ಇದ್ದರು.

ಟೇಲರ್‌ನನ್ನು ನಾನು ಮೊದಲು ಸಂತ ಅಂತ ಓದಿದೆ, ಆಮೇಲೆ ತೋಪಿನ ಹಿಂದೆ ಬಂದ ಮನುಷ್ಯ ಅಂತ ಓದಿದೆ. ಎರಡೂ ಸಲ ಒಂದೇ ಪತ್ರಗಳು, ಅಲ್ವಾ? ಅವನು ಚೀನೀ ಬಟ್ಟೆ ಹಾಕಿ, ಜಡೆ ಬಿಟ್ಟು ಓಡಾಡಿದವನು. ಅವನ ಸಂಘ ಅಫೀಮಿನ ವಿರುದ್ಧ ಗಟ್ಟಿಯಾಗಿ ನಿಂತಿತು. ಆದರೂ ಅವನ ಹಕ್ಕಿನ ಕಾಗದ ಅಫೀಮು ಯುದ್ಧದಿಂದಲೇ ಬಂದದ್ದು. ಈಗ ನನ್ನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಎರಡು ಕಾಲಂ ಇವೆ. ಮೊತ್ತ ಹಾಕಿಲ್ಲ.

1870ರ ಪುಟ ಓದುವಾಗ ದಿನಾಂಕಗಳನ್ನು ಸಾಲಾಗಿ ಬರೆಯಿರಿ. ಜೂನ್ 21: ತಿಯಾನ್‌ಜಿನ್‌ನಲ್ಲಿ ದೊಡ್ಡ ದಂಗೆ, ಫ್ರೆಂಚ್ ಕಾನ್ಸಲ್ ಮತ್ತು ಸನ್ಯಾಸಿನಿಯರ ಕೊಲೆ. ಜುಲೈ 7: ಝೆನ್‌ಜಿಯಾಂಗ್‌ನಲ್ಲಿ ಮರಿಯಾಗೆ ಗಂಡು ಮಗು. ಜುಲೈ 20: ಮಗು ಸತ್ತಿತು. ಜುಲೈ 23: ಮರಿಯಾ ಸತ್ತಳು, ವಯಸ್ಸು 33. ಮಲಕ್ಕಾದಲ್ಲಿ ಹುಟ್ಟಿದ ಮಿಷನರಿಯ ಮಗಳು. ಅವಳ ಅಪ್ಪ ಸ್ಯಾಮ್ಯುಯೆಲ್ ಡೈಯರ್ ಚೀನೀ ಅಕ್ಷರಗಳಿಗೆ ಲೋಹದ ಅಚ್ಚುಮೊಳೆ ಮಾಡಿದವನು. ಊರಿನ ಪ್ರೊಟೆಸ್ಟೆಂಟ್ ಗೋರಿಗಳ ನಡುವೆ ಅವಳನ್ನು ಹೂತರು. 1905ರಲ್ಲಿ ಚಾಂಗ್‌ಶಾದಲ್ಲಿ ಸತ್ತ ಟೇಲರ್‌ನನ್ನೂ ಇಲ್ಲಿಗೇ ತಂದು ಅವಳ ಪಕ್ಕ ಮಲಗಿಸಿದರು.

ಪತ್ರಗಳು ಸಾಕಾದವು ಅನ್ನಿಸಿದಾಗ ಕಸ್ಟಮ್ಸ್ ವರದಿಗಳಿಗೆ ಹೋಗಿ. 1858ರ ತಿಯಾನ್‌ಜಿನ್ ಒಪ್ಪಂದದಲ್ಲಿ ಝೆನ್‌ಜಿಯಾಂಗ್ ಹೆಸರು ಬಂತು, ಬಂದರು ನಿಜವಾಗಿ ತೆರೆದದ್ದು 1861ರಲ್ಲಿ. ಅಲ್ಲಿನ ಸುಂಕದ ಕಚೇರಿ ಚೀನಾ ಸರ್ಕಾರದ್ದು, ನಡೆಸುತ್ತಿದ್ದವರು ವಿದೇಶೀಯರು. 1882ರಿಂದ ಮುಂದಕ್ಕೆ ಹತ್ತು ಹತ್ತು ವರ್ಷದ ದೊಡ್ಡ ವರದಿಗಳಿವೆ. ಓದುವಾಗ ಎರಡು ಎಚ್ಚರ. ‘ಹೈಕ್ವಾನ್ ಟೇಲ್’ ಅನ್ನುವುದು ನಾಣ್ಯ ಅಲ್ಲ, ಬೆಳ್ಳಿಯ ತೂಕದ ಲೆಕ್ಕದ ಹೆಸರು. ಇನ್ನೊಂದು, ಅಲ್ಲಿ ಎಣಿಸಿದ್ದು ಮುಖ್ಯವಾಗಿ ವಿದೇಶಿ ಮಾದರಿಯ ಹಡಗುಗಳನ್ನು. ಸಾವಿರಾರು ಚೀನೀ ಹಾಯಿದೋಣಿಗಳು ಆ ಪುಟದಲ್ಲಿ ಇಲ್ಲ. ವ್ಯಾಪಾರ ಏರಿತು ಅಂತ ಬರೆಯುವ ಮೊದಲು ಯಾರ ವ್ಯಾಪಾರ ಅಂತ ಕೇಳಿಕೊಳ್ಳಿ.

ಯುನ್‌ತಾಯ್ ಗುಡ್ಡದ ಕೆಳಗಿನ ಬ್ರಿಟಿಷ್ ವಸಾಹತು, ಅಂದರೆ ಊರೊಳಗೆ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ ಜಾಗ, ಪುಟ್ಟದು, ಕೆಲವೇ ಬೀದಿ. ಅದರ ಪೊಲೀಸರಲ್ಲಿ ಸಿಖ್ಖರಿದ್ದರು. 1889ರ ಫೆಬ್ರುವರಿಯಲ್ಲಿ, ಚೀನೀ ಹೊಸ ವರ್ಷದ ದಿನಗಳಲ್ಲಿ, ಪೊಲೀಸರು ಊರಿನವನೊಬ್ಬನನ್ನು ಹೊಡೆದದ್ದು ದಂಗೆಯಾಗಿ ಕಾನ್ಸಲ್ ಕಚೇರಿ ಸುಟ್ಟುಹೋಯಿತು. ಮತ್ತೆ ಕಟ್ಟಿದ ಕಟ್ಟಡ ಈಗ ಊರಿನ ಮ್ಯೂಸಿಯಮ್ಮಿನ ಭಾಗ. 1894ರ ನನ್ನ ಚೀಟಿ ಹೊರಟದ್ದು ಇದಾದ ಐದು ವರ್ಷಕ್ಕೆ. ಚೀನಾ ತನ್ನದೇ ಅಂಚೆ ಶುರು ಮಾಡಿದ ಮೇಲೆ, 1897ರ ಹೊತ್ತಿಗೆ, ಇಂಥ ಚೀಟಿಗಳ ಕಾಲ ಮುಗಿಯಿತು.

ಮುಂದಿನದನ್ನು ಬೇಗ ಓದಬಹುದು. 1908ರಲ್ಲಿ ಶಾಂಘೈನಿಂದ ನಾನ್‌ಜಿಂಗ್‌ಗೆ ರೈಲು, 1912ರಲ್ಲಿ ತಿಯಾನ್‌ಜಿನ್‌ನಿಂದ ನಾನ್‌ಜಿಂಗ್ ಎದುರಿನ ಪುಕೌಗೆ ಇನ್ನೊಂದು ರೈಲು. ಕಾಲುವೆಯ ಸರಕು ಹಳಿ ಹತ್ತಿತು, ಬಂದರಿಗೆ ಹೂಳು ತುಂಬಿತು. ಮಿಷನರಿ ಮನೆಯಲ್ಲಿ ಇಲ್ಲೇ ಬೆಳೆದ ಅಮೆರಿಕದ ಲೇಖಕಿ ಪರ್ಲ್ ಬಕ್ 1938ರಲ್ಲಿ ನೊಬೆಲ್ ಪಡೆದಾಗ ಊರು ಜಪಾನೀಯರ ಕೈಲಿತ್ತು. ವಸಾಹತು 1929ರಲ್ಲೇ ಚೀನಾಕ್ಕೆ ವಾಪಸಾಗಿತ್ತು.

ನನ್ನ ಪುಸ್ತಕದ ಕೊನೇ ದಾಖಲೆ 1949. ಏಪ್ರಿಲ್ 20ರಂದು ನಾನ್‌ಜಿಂಗ್ ಕಡೆ ಹೊರಟ ಬ್ರಿಟಿಷ್ ಯುದ್ಧನೌಕೆ ‘ಅಮೆಥಿಸ್ಟ್’ ಮೇಲೆ ಕಮ್ಯುನಿಸ್ಟ್ ಸೈನ್ಯದ ತೋಪುಗಳು ಹಾರಿದವು. ಪೆಟ್ಟು ತಿಂದ ಹಡಗು ಝೆನ್‌ಜಿಯಾಂಗ್ ಹತ್ತಿರ ಮೂರು ತಿಂಗಳು ನಿಂತಿತ್ತು. ಜುಲೈ 30ರ ರಾತ್ರಿ ಲಂಗರಿನ ಸರಪಳಿ ಬಿಟ್ಟು ಕತ್ತಲಲ್ಲಿ ಸಮುದ್ರದ ಕಡೆ ಓಡಿತು. 1842ರಲ್ಲಿ ಹಗಲಲ್ಲೇ ಮೇಲೇರಿ ಬಂದ ದಾರಿ ಅದು. ಎರಡೂ ಘಟನೆಯನ್ನು ಅದೇ ನಕ್ಷೆಯ ಮೇಲೆ ಬಾಣ ಹಾಕಿ ಬರೆಯಿರಿ.

ಒಮ್ಮೆ ಹೋಗಿಬನ್ನಿ ಅಂತಲೂ ಹೇಳುತ್ತೇನೆ. ನಾನು ಹೋದದ್ದು ಮೂರೇ ದಿನ. ಶಿಜಿನ್‌ದು ಎಂಬ ಹಳೇ ದೋಣಿಕಟ್ಟೆಯ ಬೀದಿಯಲ್ಲಿ ಕಲ್ಲಿನ ಮೇಲೆ ಕೈಗಾಡಿ ಚಕ್ರ ಕೊರೆದ ಗುಳಿ ಇದೆ. ಒಂದು ಕಡೆ ನೆಲ ಅಗೆದು ಗಾಜು ಮುಚ್ಚಿದ್ದಾರೆ, ಒಂದರ ಕೆಳಗೊಂದು ಬೇರೆ ಬೇರೆ ಕಾಲದ ರಸ್ತೆಗಳು ಕಾಣುತ್ತವೆ. ಮುಳುಗುತ್ತಿದ್ದ ದೋಣಿಗಳನ್ನು ಕಾಪಾಡಲು ಊರಿನವರೇ ಕಟ್ಟಿಕೊಂಡಿದ್ದ ಸಂಘದ ಮನೆಯೂ ಅಲ್ಲೇ ಇದೆ. ಮಿಷನರಿಗಳಿಗಿಂತ ಎಷ್ಟೋ ಮೊದಲಿನದು, ಆದರೆ ನಾನು ಓದಿದ ಪತ್ರಗಳಲ್ಲಿ ಅದರ ಮಾತು ಒಂದೇ ಒಂದು ಕಡೆಯೂ ಬಂದಿರಲಿಲ್ಲ. ದೋಣಿಕಟ್ಟೆಯ ಮೆಟ್ಟಿಲ ಮೇಲೆ ನಿಂತು ನದಿ ಎಲ್ಲಿ ಅಂತ ಹುಡುಕಿದೆ. ಕಾಣಲಿಲ್ಲ. ಚಹಾ ಮಾರುತ್ತಿದ್ದ ಹೆಂಗಸು ಕೈ ಮಾಡಿ ತೋರಿಸಿದಳು: ರಸ್ತೆ ದಾಟಿ, ಕಟ್ಟಡಗಳನ್ನು ದಾಟಿ, ಇನ್ನೂ ಆಚೆಗೆ.