ಆಹಾರ ಬದಲಾದರೆ ಮರಿಹುಳುವಿನ ಬೆಳವಣಿಗೆ ಹೇಗೆ ಬದಲಾಗುತ್ತದೆ: ಹಣ್ಣಿನ ನೊಣದ ಮೇಲೆ ಪ್ರಯೋಗ ಮಾಡುವ ಕ್ರಮ

ಎಳೆಯ ಜೀವಿಗೆ ದೊರೆತ ಪ್ರೋಟೀನು ಅದರ ಬೆಳವಣಿಗೆಯ ವೇಗವನ್ನೂ ಕೊನೆಗೆ ಅದು ತಲುಪುವ ಗಾತ್ರವನ್ನೂ ಹೇಗೆ ನಿರ್ಧರಿಸುತ್ತದೆ ಎಂಬುದನ್ನು ವಿಜಯಪುರ ಅಥವಾ ಬಾಗಲಕೋಟೆಯ ಯಾವುದೇ ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಣ್ಣಾರೆ ನೋಡಬಹುದು. ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಎಂಬ ಹಣ್ಣಿನ ನೊಣ, ಒಂದು ಸ್ಟೀರಿಯೊ ಸೂಕ್ಷ್ಮದರ್ಶಕ, ಒಂದು ಸಂಯುಕ್ತ ಸೂಕ್ಷ್ಮದರ್ಶಕ, ಉಷ್ಣತೆಯನ್ನು ಸ್ಥಿರವಾಗಿಡುವ ಬಿ.ಓ.ಡಿ. ಇನ್‌ಕ್ಯುಬೇಟರ್ ಮತ್ತು ಒಂದು ಒಲೆ ಇದ್ದರೆ ಸಾಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ನೊಣದ ಮೊಟ್ಟೆ ಸುಮಾರು ಒಂದು ದಿನಕ್ಕೆ ಒಡೆಯುತ್ತದೆ. ಮರಿಹುಳು ಎರಡು ಬಾರಿ ಪೊರೆ ಕಳಚಿ, ನಾಲ್ಕೈದು ದಿನ ಉಂಡು ಕೋಶಾವಸ್ಥೆಗೆ (ಪ್ಯೂಪಾ) ಹೋಗಿ, ಸುಮಾರು 10ನೆಯ ದಿನಕ್ಕೆ ನೊಣವಾಗಿ ಹೊರಬರುತ್ತದೆ.

ಉಷ್ಣತೆಯನ್ನು ಮೊದಲು ಸರಿಪಡಿಸಿಕೊಳ್ಳಬೇಕು. 18 ಡಿಗ್ರಿಯಲ್ಲಿ ಇದೇ ಬೆಳವಣಿಗೆಗೆ ಹೆಚ್ಚುಕಡಿಮೆ ಇಮ್ಮಡಿ ಕಾಲ ಬೇಕು, 30 ಡಿಗ್ರಿ ದಾಟಿದರೆ ಗಂಡುಗಳ ಸಂತಾನಶಕ್ತಿ ಕುಂದುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ಮುಟ್ಟುವುದರಿಂದ, ಕರೆಂಟು ಕೆಲವು ಗಂಟೆ ಹೋದರೂ ಪ್ರಯೋಗ ಕೆಡುತ್ತದೆ. ಆದ್ದರಿಂದ ಮಳೆಗಾಲದಿಂದ ಚಳಿಗಾಲದವರೆಗಿನ ಅವಧಿಯನ್ನು ಆರಿಸಿಕೊಂಡು, ಇನ್‌ಕ್ಯುಬೇಟರಿನೊಳಗೆ ಗರಿಷ್ಠ–ಕನಿಷ್ಠ ಉಷ್ಣಮಾಪಕವೊಂದನ್ನು ಇಟ್ಟು ದಿನವೂ ಬರೆದಿಡಿ. ಬೆಳಗಾವಿಯವರಿಗೆ ಈ ವಿಷಯದಲ್ಲಿ ಸ್ವಲ್ಪ ಅನುಕೂಲ ಹೆಚ್ಚು.

ನೊಣಗಳನ್ನು ಒಣದ್ರಾಕ್ಷಿ ಶೆಡ್ಡುಗಳ ಸುತ್ತ ಹಿಡಿಯುವ ಆಸೆ ಸಹಜವಾದರೂ ಅದು ಬೇಡ. ಹಾಗೆ ಹಿಡಿದವುಗಳಲ್ಲಿ ಹಲವು ಪ್ರಭೇದಗಳು ಬೆರೆತಿರುತ್ತವೆ, ಜೊತೆಗೆ ನುಸಿಯೂ ಬರುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಡ್ರೊಸೊಫಿಲಾ ಸಂಗ್ರಹ ಕೇಂದ್ರದಂತಹ ಕಡೆಯಿಂದ, ಗುರುತು ಖಚಿತವಿರುವ ತಳಿಯನ್ನೇ ತರಿಸಿಕೊಳ್ಳಿ.

ಮೈಸೂರಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಆಹಾರದ ಪ್ರಮಾಣವನ್ನೇ ಆಧಾರವಾಗಿಟ್ಟುಕೊಳ್ಳಬಹುದು: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್ (ಆಹಾರವನ್ನು ಗಟ್ಟಿಗೊಳಿಸುವ ಕಡಲಪಾಚಿಯ ಪುಡಿ). ಇದನ್ನು ಗಂಟಾಗದಂತೆ ಕುದಿಸಿ, ತುಸು ಆರಿದ ಮೇಲೆ ಬೂಷ್ಟು ತಡೆಯಲು 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ ಸೇರಿಸಬೇಕು; ಅದು ಚರ್ಮವನ್ನು ಸುಡುವುದರಿಂದ ಕೈಗವಸು ಹಾಕಿಕೊಳ್ಳಿ. ಮಹಾಲಿಂಗಪುರದ ಬೆಲ್ಲ ಕೈಗೆಟಕುವಂತಿದ್ದರೆ ಅದನ್ನೇ ಬಳಸಿ, ಆದರೆ ರಾಸಾಯನಿಕದಿಂದ ಬಿಳುಪು ಮಾಡಿದ ಹಳದಿ ಬೆಲ್ಲ ಬೇಡ, ಮತ್ತು ಇಡೀ ಪ್ರಯೋಗಕ್ಕೆ ಒಂದೇ ಪೆಂಟೆಯ ಬೆಲ್ಲವಿರಲಿ. ಕುದಿಸುವಾಗಲೇ ಒಣ ಯೀಸ್ಟನ್ನು ಲೀಟರಿಗೆ 5, 10, 20, 40 ಗ್ರಾಂನಂತೆ ಸೇರಿಸಿ ನಾಲ್ಕು ಬಗೆಯ ಆಹಾರ ತಯಾರಿಸಿ. ಮರಿಹುಳುವಿಗೆ ಪ್ರೋಟೀನಿನ ಮುಖ್ಯ ಮೂಲ ಯೀಸ್ಟೇ. ಅದನ್ನು ಆಹಾರದ ಜೊತೆಗೇ ಕುದಿಸಬೇಕು. ಜೀವಂತ ಯೀಸ್ಟು ಸೀಸೆಯೊಳಗೆ ತಾನೇ ಬೆಳೆದುಕೊಂಡರೆ ನಾಲ್ಕು ಬಗೆಗಳ ನಡುವಣ ಅಂತರವೇ ಅಳಿಸಿಹೋಗುತ್ತದೆ.

ಈ ಪ್ರಯೋಗದ ಜೀವಾಳ ಮೊಟ್ಟೆಗಳ ಎಣಿಕೆ. ಒಂದು ಸೀಸೆಯಲ್ಲಿ 40 ಮರಿಗಳು, ಇನ್ನೊಂದರಲ್ಲಿ 150 ಮರಿಗಳು ಇದ್ದರೆ, ಎರಡರ ಆಹಾರವೂ ಒಂದೇ ಆಗಿದ್ದರೂ ಎರಡನೆಯದರ ಮರಿಗಳು ಅರೆಹೊಟ್ಟೆಯಲ್ಲೇ ಬೆಳೆಯುತ್ತವೆ. ಆಗ ನೀವು ಅಳೆಯುವುದು ಯೀಸ್ಟಿನ ಕೊರತೆಯನ್ನಲ್ಲ, ದಟ್ಟಣೆಯನ್ನು. ಹಾಗಾಗಿ ಬೆಲ್ಲ–ಅಗರ್ ತಟ್ಟೆಗೆ ಚಿಟಿಕೆ ಇದ್ದಿಲಪುಡಿ ಬೆರೆಸಿ ಕಪ್ಪಾಗಿಸಿ, ಹೆಣ್ಣುಗಳು ಎರಡು ಮೂರು ಗಂಟೆ ಅದರ ಮೇಲೆ ಮೊಟ್ಟೆಯಿಡಲಿ. ಈ ತಟ್ಟೆಗೆ ತೋಟದ ದ್ರಾಕ್ಷಿರಸ ಬಳಸಬೇಡಿ, ಅದರಲ್ಲುಳಿದ ಕೀಟನಾಶಕ ಮೊಟ್ಟೆಗಳನ್ನೇ ಕೊಲ್ಲಬಹುದು. ಸ್ಟೀರಿಯೊ ಸೂಕ್ಷ್ಮದರ್ಶಕದಲ್ಲಿ 20 ಪಟ್ಟು ಹಿಗ್ಗಿಸಿ ನೋಡಿದರೆ ಕಪ್ಪು ನೆಲದ ಮೇಲೆ ಸುಮಾರು ಅರ್ಧ ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆ, ಅದರ ಒಂದು ತುದಿಯಲ್ಲಿ ಎರಡು ಸಣ್ಣ ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಒದ್ದೆ ಕುಂಚದ ತುದಿಯಿಂದ ಎತ್ತಿ ಪ್ರತಿ ಸೀಸೆಗೆ 50ರಂತೆ ಇಡಿ. ಬೆಳಕಿಗೆ ಎಲ್‌ಇಡಿ ದೀಪವೇ ಇರಲಿ. ಹ್ಯಾಲೊಜೆನ್ ದೀಪದ ಕಾವಿಗೆ ಮೊಟ್ಟೆ ಒಣಗುತ್ತದೆ.

ಅಳತೆಗೆ ಮುಂಚೆ ನೇತ್ರಕದ (ಕಣ್ಣಿಡುವ ಮಸೂರದ) ಮೈಕ್ರೊಮೀಟರನ್ನು, ಅಂದರೆ ಅದರೊಳಗಿನ ಗೆರೆಗಳ ಅಳತೆಪಟ್ಟಿಯನ್ನು, ಹೊಂದಿಸಿಕೊಳ್ಳಬೇಕು. ವೇದಿಕೆಯ ಮೇಲಿಡುವ, ಅಳತೆ ಖಚಿತವಿರುವ ಮೈಕ್ರೊಮೀಟರಿನಲ್ಲಿ 1 ಮಿಲಿಮೀಟರನ್ನು 100 ಭಾಗ ಮಾಡಿರುತ್ತಾರೆ, ಅಂದರೆ ಒಂದು ಭಾಗ 10 ಮೈಕ್ರಾನ್. ಸಂಯುಕ್ತ ಸೂಕ್ಷ್ಮದರ್ಶಕದ 4 ಪಟ್ಟಿನ ವಸ್ತುಕದಲ್ಲಿ (ವಸ್ತುವಿನ ಕಡೆಗಿರುವ ಮಸೂರದಲ್ಲಿ) ನೇತ್ರಕದ 40 ಗೆರೆಗಳು ಆ 100 ಭಾಗಗಳಿಗೆ ಸರಿಹೊಂದಿದರೆ, ನೇತ್ರಕದ ಒಂದು ಗೆರೆ 25 ಮೈಕ್ರಾನ್ ಎಂದಾಯಿತು. ವಸ್ತುಕ ಬದಲಾದಾಗಲೆಲ್ಲ ಇದನ್ನು ಹೊಸದಾಗಿ ಮಾಡಬೇಕು. ಎರೆಭೂಮಿಯ ಧೂಳು ಮಸೂರದ ಮೇಲೆ ಕೂತಿದ್ದರೆ ಮೊದಲು ಗಾಳಿಯೂದುವ ರಬ್ಬರ್ ಬುರುಡೆಯಿಂದ ಹಾರಿಸಿ, ಆಮೇಲಷ್ಟೇ ಮಸೂರದ ಕಾಗದದಿಂದ ಒರೆಸಿ. ನೇರವಾಗಿ ಒರೆಸಿದರೆ ಗೀರು ಬೀಳುತ್ತದೆ.

ನಾಲ್ಕನೆಯ ದಿನದಿಂದ ಎಂಟು ಗಂಟೆಗೊಮ್ಮೆ ಸೀಸೆಯ ಗೋಡೆಯಲ್ಲಿ ಹೊಸದಾಗಿ ಕಾಣುವ ಕೋಶಗಳನ್ನು ಗಾಜಿನ ಮೇಲೆ ಬರೆಯುವ ಪೆನ್ನಿನಿಂದ ಗುರುತಿಸಿ ಎಣಿಸಿ. ಯೀಸ್ಟು ಕಡಿಮೆಯಿರುವ ಸೀಸೆಗಳಲ್ಲಿ ಕೋಶಗಳು ತಡವಾಗಿ ಬರುತ್ತವೆ, ಏಕೆಂದರೆ ಮೂರನೆಯ ಹಂತದ (ಎರಡನೆಯ ಬಾರಿ ಪೊರೆ ಕಳಚಿದ) ಮರಿಹುಳು ಒಂದು ನಿರ್ಣಾಯಕ ತೂಕ ಮುಟ್ಟಿದ ಮೇಲೆಯೇ ರೂಪಾಂತರಕ್ಕೆ ಬೇಕಾದ ಎಕ್ಡೈಸೋನ್ ಹಾರ್ಮೋನಿನ ದಾರಿ ತೆರೆದುಕೊಳ್ಳುತ್ತದೆ. ಆ ತೂಕ ದಾಟಿದ ಹುಳುವನ್ನು ಉಪವಾಸ ಕೆಡವಿದರೆ ಅದು ತಡಮಾಡದೆ ಕೋಶವಾಗುತ್ತದೆ, ಆದರೆ ಹೊರಬರುವ ನೊಣ ಕುಳ್ಳಾಗಿರುತ್ತದೆ. ನನಗೆ ಈ ಪ್ರಯೋಗದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು, ಸಮಯವಿದ್ದವರು ಇದನ್ನು ಪ್ರತ್ಯೇಕವಾಗಿ ಮಾಡಿ ನೋಡಲೇಬೇಕು.

ನೊಣಗಳು ಹೊರಬಂದ ಮೇಲೆ ಮಂಜುಗಡ್ಡೆಯ ಮೇಲಿಟ್ಟು ಮರಗಟ್ಟಿಸಿ, ಎದೆಭಾಗದ ಉದ್ದವನ್ನು ಅಳೆಯಿರಿ. ಹೆಣ್ಣು ಗಂಡಿಗಿಂತ ದೊಡ್ಡದಾದ್ದರಿಂದ ಎರಡನ್ನೂ ಬೇರೆ ಬೇರೆ ದಾಖಲಿಸಿ. ಅಳೆಯುವವರಿಗೆ ಆಹಾರದ ಬಗೆ ತಿಳಿಯದಂತೆ ಸೀಸೆಗಳಿಗೆ ಸಂಕೇತಾಕ್ಷರ ಮಾತ್ರ ಇರಲಿ. ಲೆಕ್ಕ ಹಾಕುವಾಗ ಒಂದು ಸೀಸೆಯ ನೊಣಗಳೆಲ್ಲ ಒಂದೇ ಪರಿಸರ ಹಂಚಿಕೊಂಡಿರುವುದರಿಂದ ಸೀಸೆಯ ಸರಾಸರಿಯನ್ನೇ ಒಂದು ಮಾದರಿಯೆಂದು ಹಿಡಿಯಬೇಕು. ಅದಕ್ಕಾಗಿ ಪ್ರತಿ ಆಹಾರಕ್ಕೂ ಕನಿಷ್ಠ ಐದು ಸೀಸೆಗಳನ್ನಿಡಿ. ಕೆಲಸ ಮುಗಿದ ಸೀಸೆಗಳನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ನಂತರ ತೊಳೆಯಿರಿ.