ಬಿಲ್ ಬರಲಿ ಬಿಡಲಿ, 15ನೇ ತಾರೀಖು ಬರುತ್ತೆ

ಮಂಡ್ಯದಲ್ಲಿ ನನ್ನದೊಂದು ಸಣ್ಣ ಏಜೆನ್ಸಿ ಇದೆ. ಸರ್ಕಾರಿ ಕಚೇರಿ, ಹಾಸ್ಟೆಲ್‌ಗಳಿಗೆ ಸ್ವಚ್ಛತೆ ಕೆಲಸದವರನ್ನು, ಅಡುಗೆ ಸಹಾಯಕರನ್ನು ಹೊರಗುತ್ತಿಗೆಯಲ್ಲಿ ಕೊಡುತ್ತೇವೆ. ಎಲ್ಲ ಸೇರಿ ಮೂವತ್ತರ ಆಸುಪಾಸು ಜನ. ಮದ್ದೂರು, ಪಾಂಡವಪುರ, ಮಂಡ್ಯ ಸುತ್ತಮುತ್ತಲ ಹಳ್ಳಿಯವರೇ ಹೆಚ್ಚು. ಈ ಲೈನಿಗೆ ಹೊಸದಾಗಿ ಬರೋರು ನನ್ನ ಹತ್ತಿರ ಬಂದರೆ ಕೇಳೋದು ಒಂದೇ, ಟೆಂಡರ್ ಹೇಗೆ ಸಿಗುತ್ತೆ ಅಂತ. ಸಿಕ್ಕ ಮೇಲೆ ಹೇಗೆ ನಡೆಸಬೇಕು ಅಂತ ಯಾರೂ ಕೇಳಲ್ಲ.

ಸರ್ಕಾರದ ದುಡ್ಡು ಮುಳುಗೋದು ಅಪರೂಪ. ತಡ ಆಗೋದು ಮಾಮೂಲಿ. ಗ್ರಾಂಟ್ ಬಂದಿಲ್ಲ, ಸಾಹೇಬ್ರು ರಜೆ, ಬಿಲ್ ಖಜಾನೆಯಿಂದ ವಾಪಸ್ ಬಂದಿದೆ, ಹೀಗೆ ಏನಾದರೊಂದು. ಆದರೆ ಕೆಲಸದವರ ಸಂಬಳ ಮುಂದಿನ ತಿಂಗಳು 7ರೊಳಗೆ ಅವರ ಖಾತೆಗೆ ಹೋಗಬೇಕು. ಪಿಎಫ್ (ಭವಿಷ್ಯ ನಿಧಿ), ಇಎಸ್ಐ (ಕೆಲಸದವರ ಆರೋಗ್ಯ ವಿಮೆ) ಎರಡೂ 15ರೊಳಗೆ ಕಟ್ಟಬೇಕು. ತಡವಾದರೆ ಪಿಎಫ್‌ಗೆ ವರ್ಷಕ್ಕೆ 12% ಬಡ್ಡಿ ಬೀಳುತ್ತೆ, ಅದರ ಮೇಲೆ ದಂಡ ಬೇರೆ. ಬಿಲ್ ಬಂದಿಲ್ಲ ಅನ್ನೋ ಕಾರಣವನ್ನು ಅಲ್ಲಿ ಯಾರೂ ಕೇಳಲ್ಲ. ಕೇಳಬೇಕಾಗೂ ಇಲ್ಲ, ಕೆಲಸದವರು ನಮ್ಮವರು. ಅದಕ್ಕೇ ಮೂರು ತಿಂಗಳ ಸಂಬಳಕ್ಕೆ ಆಗುವಷ್ಟು ದುಡ್ಡು, ಇಲ್ಲಾಂದ್ರೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ, ಕೈಯಲ್ಲಿಲ್ಲದೆ ನಾನು ಟೆಂಡರ್ ಹಾಕಲ್ಲ.

ಅದು ಎಷ್ಟು ದುಡ್ಡು ಅಂತ ಲೆಕ್ಕ ಮಾಡೋಣ. ಒಬ್ಬರ ಸಂಬಳ 14,000 ರೂಪಾಯಿ ಅಂತಿಟ್ಟುಕೊಳ್ಳಿ. ಮಾಲೀಕರ ಪಾಲಿನ ಪಿಎಫ್ 12%, ಜೊತೆಗೆ ವಿಮೆ ಮತ್ತು ಆಡಳಿತ ಶುಲ್ಕ ತಲಾ ಅರ್ಧ ಪರ್ಸೆಂಟ್. ಒಟ್ಟು 13%, ಅಂದರೆ 1,820. ಇಎಸ್ಐ 3.25%, ಅಂದರೆ 455. ಅಲ್ಲಿಗೆ 16,275 ಆಯ್ತು. ಬೋನಸ್ 8.33% ವರ್ಷಕ್ಕೊಮ್ಮೆ ಕೊಟ್ಟರೂ ತಿಂಗಳಿಗೆ 1,166 ಎತ್ತಿಡಬೇಕು. ವಾರದ ರಜೆಯಲ್ಲಿ ಬದಲಿ ಬರೋರ ಕೂಲಿ, ಸಮವಸ್ತ್ರ, ಗ್ರಾಚ್ಯುಟಿ ಇನ್ನೂ ಸೇರಿಲ್ಲ. ಬಿಲ್ ಬಂದಾಗ ಅದರಲ್ಲೂ ಟಿಡಿಎಸ್ ಅಂತ ಮುಂಚಿತವಾಗೇ ತೆರಿಗೆ ಹಿಡಿಯುತ್ತಾರೆ. ನನ್ನ ಹಾಗೆ ಒಬ್ಬರೇ ಮಾಲೀಕರಾದರೆ 1%. ಗುತ್ತಿಗೆ ಎರಡೂವರೆ ಲಕ್ಷ ದಾಟಿದ್ದು, ಜಿಎಸ್‌ಟಿ ಬೀಳುವ ಕೆಲಸವಾದರೆ ಜಿಎಸ್‌ಟಿ ಟಿಡಿಎಸ್ 2% ಬೇರೆ. ಅದೆಲ್ಲ ಆಮೇಲೆ ಸಿಗೋ ದುಡ್ಡೇ, ಆದರೆ ಈ ತಿಂಗಳು ಕೈಯಲ್ಲಿ ಇರಲ್ಲ.

ಈ ಲೆಕ್ಕ ಗೊತ್ತಿದ್ದೂ ಕೆಲವರು ಸರ್ವಿಸ್ ಚಾರ್ಜ್, ಅಂದರೆ ಏಜೆನ್ಸಿಗೆ ಸಿಗೋ ಪಾಲು, ಸೊನ್ನೆಯ ಹತ್ತಿರ ಹಾಕಿ ಟೆಂಡರ್ ಹೊಡೀತಾರೆ. ಅವರಿಗೆ ಲಾಭ ಎಲ್ಲಿಂದ ಬರುತ್ತೆ? ಕೆಲಸದವರ ಪಿಎಫ್‌ನಿಂದ, ಇಲ್ಲಾಂದ್ರೆ ಸಂಬಳ ಹಾಕಿ ಎಟಿಎಂ ಕಾರ್ಡು ತಾವೇ ಇಟ್ಟುಕೊಂಡು. ಅಂಥವರ ಜೊತೆ ರೇಟಿನಲ್ಲಿ ಪೈಪೋಟಿಗೆ ಬೀಳೋದು ಬಿಟ್ಟು ಬಹಳ ಕಾಲವಾಯ್ತು. ಹೋದರೆ ಹೋಗಲಿ.

ಕಾನೂನಿನ ಮಾತು ಸ್ವಲ್ಪ. ಇಎಸ್ಐ 10 ಜನ ಆದರೆ ಬೇಕು, ಪಿಎಫ್ 20 ಆದರೆ. ಆದರೂ ಟೆಂಡರ್ ಹಾಕುವಾಗಲೇ ಎರಡರ ನಂಬರ್ ಕೇಳುತ್ತಾರೆ, ಹಾಗಾಗಿ ಚಿಕ್ಕವರೂ ಮೊದಲೇ ಮಾಡಿಸಿಕೊಳ್ಳೋದು ಒಳ್ಳೇದು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಗುತ್ತಿಗೆ ಕಾರ್ಮಿಕರ ಲೈಸೆನ್ಸ್ ಮೊದಲು 20 ಜನರಿಗೆ ಬೇಕಿತ್ತು, ಸಂಹಿತೆಯಲ್ಲಿ ಅದು 50. ಟೆಂಡರ್ ಪುಸ್ತಕದಲ್ಲಿ ಹಳೇ ಷರತ್ತೇ ಇದ್ದರೆ, ಟೆಂಡರ್ ಹಾಕುವ ಮೊದಲು ಇಲಾಖೆ ಕರೆಯೋ ಪ್ರೀ-ಬಿಡ್ ಮೀಟಿಂಗ್‌ನಲ್ಲೇ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಉತ್ತರ ಲೆಕ್ಕಕ್ಕಿಲ್ಲ.

ನಿಜವಾದ ತಲೆನೋವು ಹೆಸರುಗಳದ್ದು. ಆಧಾರ್‌ನಲ್ಲಿ ಮಂಜುಳ, ಪಾಸ್‌ಬುಕ್‌ನಲ್ಲಿ ಮಂಜುಳಮ್ಮ, ಊರಲ್ಲಿ ಎಲ್ಲರೂ ಕರೆಯೋದು ಪುಟ್ಟಿ. ಜನ್ಮದಿನ ಬಹಳ ಜನಕ್ಕೆ ಜನವರಿ 1. ಪಿಎಫ್‌ಗೆ ಆಧಾರ್ ಹೇಗಿದೆಯೋ ಹಾಗೇ ಇರಬೇಕು, ಒಂದಕ್ಷರ ಆಚೆ ಈಚೆ ಆದರೂ ಮುಂದೆ ದುಡ್ಡು ತೆಗೆಯುವಾಗ ಅಲೆದಾಟ. ಹೊಸಬರಿಗೆ ಯುಎಎನ್ (ಪಿಎಫ್‌ನ ಕಾಯಂ ನಂಬರ್) ಮಾಡೋಕೆ ಈಗ ಸರ್ಕಾರದ ಉಮಂಗ್ ಆಪ್‌ನಲ್ಲಿ ಮುಖ ತೋರಿಸಬೇಕು. ನಮ್ಮ ಸೂಪರ್‌ವೈಸರ್ ಅದನ್ನು ಹಾಸ್ಟೆಲ್ ಜಗಲಿ ಮೇಲೆ ಕೂರಿಸಿಕೊಂಡು ಮಾಡುತ್ತಾರೆ, ಬೆಳಕು ಚೆನ್ನಾಗಿರುತ್ತೆ ಅಂತ. ಆಪ್ ಕಣ್ಣು ಮಿಟುಕಿಸಿ ಅನ್ನುತ್ತೆ. ಇವರು ಫೋಟೋ ತೆಗೆಸಿಕೊಳ್ಳೋರ ಹಾಗೆ ಕಣ್ಣು ಬಿಟ್ಟುಕೊಂಡು ಉಸಿರು ಬಿಗಿ ಹಿಡಿದು ಕೂತಿರ್ತಾರೆ. "ರೆಪ್ಪೆ ಬಡೀರಿ ಅಕ್ಕಾ" ಅಂದರೆ ಪಕ್ಕದಲ್ಲಿ ನಿಂತವರೂ ಬಡೀತಾರೆ.

ಪಿಎಫ್ ಹಿಡಿಯೋದು ಯಾಕೆ ಅಂತ ಮೊದಲ ತಿಂಗಳೇ ಹೇಳಬೇಕು. ನಮ್ಮ ಲೆಕ್ಕದಲ್ಲಿ 14,000ಕ್ಕೆ ಅವರ ಪಾಲು ಪಿಎಫ್ 1,680, ಇಎಸ್ಐ 105. ಕೈಗೆ ಬರೋದು 12,215. "ಅಕ್ಕೋ, ಹದಿನಾಲ್ಕು ಅಂದಿದ್ರಲ್ಲ, ಉಳಿದಿದ್ದ್ ಏನಾಯ್ತು?" ಅಂತ ಒಬ್ಬರು ನೇರವಾಗಿ ಕೇಳಿದರು. ತಪ್ಪೇನಿಲ್ಲ. ಅವರ ಫೋನಿನಲ್ಲೇ ಪಿಎಫ್ ಪಾಸ್‌ಬುಕ್ ತೆಗೆದು, ಅವರದೂ ನಮ್ಮದೂ ಎರಡು ಪಾಲು ಬಿದ್ದಿರೋದನ್ನು ತೋರಿಸಿದೆ. ಆಮೇಲೆ ಬೇರೆಯವರಿಗೆ ವಿವರಿಸೋ ಕೆಲಸ ಅವರೇ ವಹಿಸಿಕೊಂಡರು.

ಇಎಸ್ಐ ನೋಂದಣಿಯನ್ನು ಕೆಲಸಕ್ಕೆ ಸೇರಿದ ದಿನವೇ ಮಾಡುತ್ತೇನೆ. ಹತ್ತು ದಿನ ಟೈಮ್ ಇದೆ, ನಿಜ. ಆದರೆ ಬಿದ್ದು ಕೈ ಮುರಿಯೋದಕ್ಕೆ ಹತ್ತು ದಿನ ಆಗಲೇಬೇಕು ಅಂತ ಏನೂ ಇಲ್ಲವಲ್ಲ. ನಮ್ಮ ಹೆಣ್ಣುಮಗಳೊಬ್ಬಳು ಒದ್ದೆ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗ ಅಪಘಾತ ವರದಿಯನ್ನು ಅವತ್ತೇ ಪೋರ್ಟಲ್‌ನಲ್ಲಿ ಹಾಕಿದೆವು. ಕೆಲಸದಲ್ಲಿ ಆದ ಗಾಯಕ್ಕೆ ಸರಾಸರಿ ಕೂಲಿಯ 90% ಸಿಗುತ್ತೆ, ಇಷ್ಟು ದಿನ ವಂತಿಗೆ ಕಟ್ಟಿರಬೇಕು ಅನ್ನೋ ನಿಯಮ ಅದಕ್ಕಿಲ್ಲ. ಕಾಯಿಲೆಗಾದರೆ ಆ ನಿಯಮ ಇದೆ, ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಅದಕ್ಕೇ ಮಧ್ಯೆ ಮಧ್ಯೆ ಹೆಸರು ತೆಗೆದು ಸೇರಿಸೋ ಆಟ ಆಡಬಾರದು.

ಇನ್ನು ಬಿಲ್. ನಮ್ಮ ಬಿಲ್ ಜೊತೆ ಹಾಜರಾತಿ, ಸಂಬಳ ಹಾಕಿದ ಬ್ಯಾಂಕ್ ಪಟ್ಟಿ, ಹಿಂದಿನ ತಿಂಗಳ ಪಿಎಫ್ ಇಎಸ್ಐ ಚಲನ್ ಇರುತ್ತೆ. ಚಲನ್ ಒಂದೇ ಸಾಲದು, ಯಾರ ಯಾರ ಹೆಸರಿಗೆ ಎಷ್ಟು ಕಟ್ಟಿದೆ ಅನ್ನೋ ಇಸಿಆರ್ ಪಟ್ಟಿಯೂ ಬೇಕು. ಕೇಸ್ ವರ್ಕರ್ ಪೆನ್ಸಿಲ್ ಹಿಡಿದು ಹಾಜರಾತಿಯ ಹೆಸರಿಗೂ ಇದಕ್ಕೂ ಟಿಕ್ ಹಾಕುತ್ತಾ ಹೋಗುತ್ತಾರೆ. ಸುಮ್ನೆ ಕಾಟ ಕೊಡ್ತಾರೆ ಅಂತ ಅನಿಸಬಹುದು. ನಾವು ಕಟ್ಟದೆ ಹೋದರೆ ಆ ಬಾಕಿ ಇಲಾಖೆಯ ತಲೆ ಮೇಲೆ ಬರುತ್ತೆ, ಅದಕ್ಕೇ ಅಷ್ಟು ಹುಷಾರು. ಹಾಗಾಗಿ ನಾನು ಮೂರು ಪಟ್ಟಿಯನ್ನೂ ಒಂದೇ ಕ್ರಮದಲ್ಲಿ, ಒಂದೇ ಕ್ರಮಸಂಖ್ಯೆಯಲ್ಲಿ ಕೊಡುತ್ತೇನೆ. ಬಿಲ್ ವಾಪಸ್ ಬರೋದು ಅರ್ಧ ಕಮ್ಮಿಯಾಗಿದೆ.

ಏಪ್ರಿಲ್ ತಿಂಗಳ ಮೇಲೆ ಒಂದು ಕಣ್ಣಿರಲಿ. ಪ್ರತಿ ವರ್ಷ ಏಪ್ರಿಲ್ 1ರಿಂದ ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾಗುತ್ತೆ. ಟೆಂಡರ್ ರೇಟು ಹಳೇದೇ ಇದ್ದರೂ ಕೆಲಸದವರಿಗೆ ಹೊಸದನ್ನೇ ಕೊಡಬೇಕು. ಏರಿಕೆಯನ್ನು ಇಲಾಖೆ ಭರಿಸುತ್ತೆ ಅನ್ನೋ ಸಾಲು ಒಪ್ಪಂದದಲ್ಲಿ ಇದೆಯಾ ಅಂತ ಸಹಿ ಹಾಕುವ ಮೊದಲೇ ನೋಡಿ. ಇದ್ದರೂ ತಾನಾಗೇ ಬರಲ್ಲ, ಕಾರ್ಮಿಕ ಇಲಾಖೆಯ ಆದೇಶದ ಪ್ರತಿ ಇಟ್ಟು ಪತ್ರ ಬರೆದು ಸ್ವೀಕೃತಿ ತಗೋಬೇಕು.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡೋ ನೋಂದಣಿ) ಇದ್ದರೆ 45 ದಿನ ದಾಟಿದ ಬಿಲ್ಲಿಗೆ ಬಡ್ಡಿ ಕೇಳಬಹುದು, ಅದಕ್ಕೆ ಸರ್ಕಾರದ ಪೋರ್ಟಲ್ ಇದೆ. ನಾನು ಹೋಗಿಲ್ಲ. ನಾಳೆ ಮುಂದಿನ ಬಿಲ್ಲಿಗೆ ಅದೇ ಟೇಬಲ್ ಮುಂದೆ ನಿಲ್ಲಬೇಕಲ್ವಾ?

10 ಜನ ಇದ್ದರೆ ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿಯೂ ಕಡ್ಡಾಯ, 2013ರ ಕಾಯ್ದೆ. ಇದನ್ನು ಯಾವ ಕೇಸ್ ವರ್ಕರ್ರೂ ಕೇಳಲ್ಲ. ನಮ್ಮಲ್ಲಿ ಮುಕ್ಕಾಲು ಪಾಲು ಹೆಂಗಸರು, ಬೆಳಗಿನ ಜಾವವೇ ಖಾಲಿ ಕಟ್ಟಡಕ್ಕೆ ಹೋಗೋರು. ಅದಕ್ಕೇ ಮಾಡಿದ್ದೇವೆ, ಸಮಿತಿಯವರ ಫೋನ್ ನಂಬರನ್ನು ಪೊರಕೆ ಇಡೋ ಕೋಣೆಯಲ್ಲಿ ಅಂಟಿಸಿದ್ದೇವೆ.

ಗುತ್ತಿಗೆ ಮುಗಿದಾಗ ಬಹಳ ಕಡೆ ಕೆಲಸದವರು ಅಲ್ಲೇ ಉಳಿದು ಏಜೆನ್ಸಿ ಮಾತ್ರ ಬದಲಾಗುತ್ತೆ. ಆಗ ಪಿಎಫ್‌ನಲ್ಲಿ ಪ್ರತಿಯೊಬ್ಬರ ಕೆಲಸ ಬಿಟ್ಟ ದಿನಾಂಕ ಹಾಕಬೇಕು. ಹಾಕದಿದ್ದರೆ ಅವರ ದುಡ್ಡು ಹೊಸ ಖಾತೆಗೆ ಹೋಗೋದು ಸಿಕ್ಕಿಹಾಕಿಕೊಳ್ಳುತ್ತೆ. ಕೊನೇ ತಿಂಗಳ ಇಸಿಆರ್ ಹಾಕಿದ ಕೂಡಲೇ ನಾನು ಅದನ್ನು ಮುಗಿಸುತ್ತೇನೆ. ಆಮೇಲೆ ಅಷ್ಟೂ ತಿಂಗಳ ಚಲನ್ ಒಟ್ಟಿಗೆ ಹೊಲಿದು, ಭದ್ರತಾ ಠೇವಣಿ ವಾಪಸ್ ಕೊಡಿ ಅಂತ ಅರ್ಜಿ ಹಾಕುತ್ತೇನೆ.